ಆ ವಾಕ್ಯ ನನ್ನದಾಗಿತ್ತು

ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ನಾನು ಡೀನ್ ಕಚೇರಿಗೆ ಒಂದು ಪುಟದ ವರದಿ ಕಳುಹಿಸಬೇಕು. ಅದರಲ್ಲಿ ಮೂರು ಅಂಕಣಗಳು: ಆ ವರ್ಷ ಎಷ್ಟು ವಿದ್ಯಾರ್ಥಿಗಳು ಫೆಲೋಶಿಪ್‌ಗಳಿಗೆ ಅರ್ಜಿ ಹಾಕಿದರು, ಎಷ್ಟು ಮಂದಿ ಕೊನೆಯ ಸುತ್ತಿನವರೆಗೆ ಹೋದರು, ಎಷ್ಟು ಮಂದಿ ಆಯ್ಕೆಯಾದರು. ಮೊದಲ ಎರಡನ್ನು ಯಾರಾದರೂ ಓದುತ್ತಾರೆಂಬ ಭ್ರಮೆ ನನ್ನಲ್ಲಿ ಉಳಿದಿಲ್ಲ. ಮೂರನೆಯದರಲ್ಲಿ ಸೊನ್ನೆ ಇದ್ದ ವರ್ಷ ಮೇಲಿನಿಂದ ಉತ್ತರವೇ ಬರುವುದಿಲ್ಲ. ಒಂದು ಎಂಬ ಅಂಕಿ ಇದ್ದ ವರ್ಷ ಆ ಒಬ್ಬ ವಿದ್ಯಾರ್ಥಿಯ ಭಾವಚಿತ್ರ ವಿಶ್ವವಿದ್ಯಾಲಯದ ಪತ್ರಿಕೆಯ ಮುಖಪುಟಕ್ಕೆ ಏರುತ್ತದೆ, ಒಳಪುಟದ ಎಲ್ಲೋ ಒಂದು ಸಾಲಿನಲ್ಲಿ ನನ್ನ ಕಚೇರಿಯ ಹೆಸರೂ ಬರುತ್ತದೆ. ಹೀಗೆ ಅಳೆಯಲ್ಪಡುವ ಕೆಲಸದಲ್ಲಿರುವವರಿಗೆ ಮೂರನೆಯ ಅಂಕಣವನ್ನು ತುಂಬಿಸಬೇಕೆಂಬ ಆಸೆ ಹೇಗೆ ಕೈಯೊಳಗೆ ಇಳಿದು ಪೆನ್ನನ್ನು ನಡೆಸತೊಡಗುತ್ತದೆ ಎಂಬುದನ್ನು ನಾನು ಒಬ್ಬ ವಿದ್ಯಾರ್ಥಿನಿಯ ಖರ್ಚಿನಲ್ಲಿ ಕಲಿತೆ. ಈ ಬರಹ ಅದರ ಬಗ್ಗೆ.

ಅಮೆರಿಕದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಫೆಲೋಶಿಪ್ ಸಲಹೆಗಾರನ ಹುದ್ದೆಯಲ್ಲಿದ್ದೇನೆ. ರೋಡ್ಸ್, ಮಾರ್ಷಲ್, ಟ್ರೂಮನ್, ಗೋಲ್ಡ್‌ವಾಟರ್, ಯುಡಾಲ್, ಫುಲ್‌ಬ್ರೈಟ್ ಮುಂತಾದ ಹೆಸರಿನ ಸ್ಪರ್ಧೆಗಳಿಗೆ ಪದವಿ ವಿದ್ಯಾರ್ಥಿಗಳನ್ನು ಹುಡುಕುವುದು, ಯಾವುದು ಯಾರಿಗೆ ಹೊಂದುತ್ತದೆಂದು ನೋಡುವುದು, ಅರ್ಜಿ ಬರೆಯುವ ತಿಂಗಳುಗಳಲ್ಲಿ ಜೊತೆಗಿರುವುದು, ಸಂದರ್ಶನಕ್ಕೆ ಸಿದ್ಧಪಡಿಸುವುದು ನನ್ನ ಕೆಲಸ. ಇವುಗಳನ್ನೆಲ್ಲ ಒಟ್ಟಾಗಿ ರಾಷ್ಟ್ರೀಯ ಫೆಲೋಶಿಪ್‌ಗಳೆಂದು ಕರೆಯುವುದು ರೂಢಿ. ಆದರೆ ಇವುಗಳಲ್ಲಿ ಕೆಲವಕ್ಕೆ ಹಣ ಬರುವುದು ಬ್ರಿಟನ್ನಿನಿಂದ, ಓದುವುದೂ ಅಲ್ಲಿಯೇ. ರಾಷ್ಟ್ರೀಯವಾಗಿರುವುದು ಸ್ಪರ್ಧೆ ಮಾತ್ರ.

ಕನ್ನಡದ ಓದುಗರಿಗೆ ರೋಡ್ಸ್ ಎಂಬ ಹೆಸರು ಗಿರೀಶ ಕಾರ್ನಾಡರಿಂದಾಗಿ ಪರಿಚಿತ. ಅವರು 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದ್ದು ಆ ವಿದ್ಯಾರ್ಥಿವೇತನದ ಮೇಲೆ. 1902ರಲ್ಲಿ ತೀರಿಕೊಂಡ ಬ್ರಿಟಿಷ್ ವಸಾಹತುಶಾಹಿ, ಗಣಿ ಒಡೆಯ ಸೆಸಿಲ್ ರೋಡ್ಸ್‌ನ ಉಯಿಲಿನಿಂದ ಹುಟ್ಟಿದ ಈ ವ್ಯವಸ್ಥೆ ಅಮೆರಿಕದಿಂದ ವರ್ಷಕ್ಕೆ 32 ಮಂದಿಯನ್ನು ಆರಿಸುತ್ತದೆ. ದೇಶವನ್ನು 16 ಜಿಲ್ಲೆಗಳಾಗಿ ಹಂಚಿಕೊಂಡು ಒಂದೊಂದರಿಂದ ಇಬ್ಬರಂತೆ. ಯುದ್ಧಾನಂತರ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ನೆರವಿಗೆ ಕೃತಜ್ಞತೆಯಾಗಿ ಬ್ರಿಟಿಷ್ ಸಂಸತ್ತು 1953ರಲ್ಲಿ ಮಾರ್ಷಲ್ ವಿದ್ಯಾರ್ಥಿವೇತನವನ್ನು ಸ್ಥಾಪಿಸಿತು. ಫುಲ್‌ಬ್ರೈಟ್‌ನ ಮೂಲ ಇನ್ನೂ ವಿಚಿತ್ರ: ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹೊರದೇಶಗಳಲ್ಲಿ ಬಿದ್ದಿದ್ದ ಅಮೆರಿಕದ ಹೆಚ್ಚುವರಿ ಯುದ್ಧಸಾಮಗ್ರಿಯನ್ನು ಮಾರಿ ಬಂದ ಹಣದಿಂದ ವಿದ್ಯಾರ್ಥಿಗಳನ್ನು ದೇಶದಿಂದ ದೇಶಕ್ಕೆ ಕಳುಹಿಸಬಹುದೆಂದು ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಮಸೂದೆ ತಂದರು, ಅವರೂ ಒಂದು ಕಾಲಕ್ಕೆ ರೋಡ್ಸ್ ವಿದ್ಯಾರ್ಥಿಯೇ. ಅದಕ್ಕೆ 1946ರ ಆಗಸ್ಟ್ 1ರಂದು ಸಹಿ ಹಾಕಿದ ಅಧ್ಯಕ್ಷ ಹ್ಯಾರಿ ಟ್ರೂಮನ್ ಕಾಲೇಜು ಪದವಿಯನ್ನೇ ಪಡೆದಿರಲಿಲ್ಲ. ಅವರ ಸ್ಮಾರಕವಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು 1975ರಲ್ಲಿ ಟ್ರೂಮನ್ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಸಾರ್ವಜನಿಕ ಸೇವೆಗೆ ಹೋಗಬಯಸುವ ಮೂರನೆಯ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರ ಓದಿಗಾಗಿ 30,000 ಡಾಲರ್‌ವರೆಗೆ ಕೊಡುವ ಅದರ ಅರ್ಜಿಯ ಮುಂದೆ ಕುಳಿತು ಹೆದರಿದ ವಿದ್ಯಾರ್ಥಿಗಳಿಗೆ ನಾನು ಈ ಪದವಿಯಿಲ್ಲದ ಅಧ್ಯಕ್ಷರ ಸಂಗತಿಯನ್ನು ಹೇಳುವುದುಂಟು. ಅದರಿಂದ ಹೆದರಿಕೆಯೇನೂ ಕಡಿಮೆಯಾಗುವುದಿಲ್ಲ, ಒಂದು ನಗೆಯಂತೂ ಬರುತ್ತದೆ.

ನಾನು ಹೇಳಹೊರಟ ವಿದ್ಯಾರ್ಥಿನಿ ಬಂದದ್ದು ಈ ಟ್ರೂಮನ್ ಅರ್ಜಿಗಾಗಿಯೇ. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಎರಡೂ ವರ್ಷ ಮೂರನೆಯ ಅಂಕಣದಲ್ಲಿ ಸೊನ್ನೆ. ಅವಳು ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಪ್ರದೇಶದವಳು. ಮನೆಗೆ ನೀರು ಸ್ವಂತ ಬಾವಿಯದು. ಅವಳ ತಮ್ಮ ಹುಟ್ಟಿದ ವರ್ಷ ಯಾರೋ ಹೇಳಿದರೆಂದು ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟಾಗ ಅದರಲ್ಲಿ ನೈಟ್ರೇಟ್ ಪ್ರಮಾಣ ಮಿತಿಯನ್ನು ಮೀರಿದ್ದು ಗೊತ್ತಾಯಿತು. ಗೊಬ್ಬರದಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟ್ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕದ ಸಾಗಣೆಗೇ ಅಡ್ಡಿಯಾಗುತ್ತದೆ; ಅದಕ್ಕೆಂದೇ ಸಾರ್ವಜನಿಕ ಕುಡಿಯುವ ನೀರಿನಲ್ಲಿ ಲೀಟರಿಗೆ (ನೈಟ್ರೋಜನ್ ಲೆಕ್ಕದಲ್ಲಿ) 10 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಲಾಗಿದೆ. ಆದರೆ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯಿದೆ ಮನೆಯ ಖಾಸಗಿ ಬಾವಿಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಪೇಟೆಯ ನಲ್ಲಿಯಲ್ಲಿ ಬರುವ ನೀರಿಗೆ ಸರ್ಕಾರ ಜವಾಬ್ದಾರ, ಅವಳ ಅಡುಗೆಮನೆಯ ನೀರಿಗೆ ಅವಳ ತಾಯಿ ಜವಾಬ್ದಾರಳು. ಈ ಅಂತರವನ್ನು ಹೇಗೆ ತುಂಬಬಹುದೆಂಬುದೇ ಅವಳ ನೀತಿ ಪ್ರಸ್ತಾವದ ವಿಷಯ. ಅದಕ್ಕಿಂತ ಮೊದಲೇ, ಯಾರೂ ಹೇಳದೆ, ಎರಡು ಬೇಸಿಗೆ ಮನೆಮನೆಗೆ ಹೋಗಿ ನೀರಿನ ಮಾದರಿಗಳನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದಳು.

ಅವಳ ಮೊದಲ ಕರಡು ಒರಟಾಗಿತ್ತು. ವಾಕ್ಯಗಳು ಚಿಕ್ಕವು, ಒಂದರ ಹಿಂದೆ ಒಂದು ಸಂಗತಿ, ಎಲ್ಲಿಯೂ ಮೆರುಗಿಲ್ಲ. ತಾಯಿ ಎರಡು ವರ್ಷ ಮಗುವಿಗಾಗಿ ಬಾಟಲಿ ನೀರು ತಂದದ್ದು, ದೊಡ್ಡವರು ಮಾತ್ರ ಅದೇ ಬಾವಿಯ ನೀರನ್ನು ಕುಡಿದದ್ದು, ಪಕ್ಕದ ಮನೆಯವರು ತಮ್ಮ ಬಾವಿಯ ಪರೀಕ್ಷೆ ಬೇಡವೆಂದದ್ದು, ಫಲಿತಾಂಶ ಕಾಗದದ ಮೇಲೆ ಬಂದರೆ ಜಮೀನಿನ ಬೆಲೆ ಇಳಿಯಬಹುದೆಂಬ ಅವರ ಭಯ. ಇದೆಲ್ಲ ಅದರಲ್ಲಿ ಇತ್ತು. ಇಂದು ಆ ಕರಡನ್ನು ಓದಿದರೆ ನಾನು ಅದರ ಒಂದು ಅಕ್ಷರವನ್ನೂ ಮುಟ್ಟಲಾರೆ. ಅಂದು ನನಗೆ ಕಂಡದ್ದು ಮೆರುಗಿಲ್ಲ ಎಂಬುದಷ್ಟೇ. ನಾಲ್ಕನೆಯ ಕರಡಿನ ಹೊತ್ತಿಗೆ, ರಾತ್ರಿ ಹತ್ತು ಗಂಟೆಯ ಮೇಲೆ, ಪ್ರಬಂಧದ ಮೊದಲ ಸಾಲನ್ನು ಅಳಿಸಿ ನಾನೇ ಒಂದನ್ನು ಬರೆದು ಕಳುಹಿಸಿದೆ: ಮೌನವೂ ಒಂದು ನೀತಿಯೆಂಬುದನ್ನು ನಮ್ಮ ಮನೆಯ ನೀರು ನನಗೆ ಕಲಿಸಿತು. ಅವಳು ಥ್ಯಾಂಕ್ಸ್ ಎಂದು ಉತ್ತರಿಸಿ ಅದನ್ನು ಹಾಗೆಯೇ ಇಟ್ಟುಕೊಂಡಳು. ಇಪ್ಪತ್ತು ವರ್ಷದ ಹುಡುಗಿ, ಕಚೇರಿಯ ಬಾಗಿಲ ಮೇಲೆ ಹೆಸರಿನ ಫಲಕವಿರುವ ವ್ಯಕ್ತಿ ಕಳುಹಿಸಿದ ವಾಕ್ಯವನ್ನು ಬೇಡವೆನ್ನುವುದಾದರೂ ಹೇಗೆ?

ಅವಳು ಅಂತಿಮ ಸುತ್ತಿಗೆ ಹೋದಳು. ನಮ್ಮ ಕಚೇರಿಯಲ್ಲಿ ಸಿಹಿ ಹಂಚಿದೆವು. ಸಂದರ್ಶನ ಮುಗಿದ ಮಾರನೆಯ ದಿನ ಅವಳು ನನ್ನ ಕೋಣೆಗೆ ಬಂದು, ಕೋಟನ್ನೂ ತೆಗೆಯದೆ ಕುಳಿತು, ಸಮಿತಿಯ ಒಬ್ಬ ಹಿರಿಯರು ಕೇಳಿದ ಮೊದಲ ಪ್ರಶ್ನೆಯನ್ನು ಹೇಳಿದಳು. ಮೌನವೂ ಒಂದು ನೀತಿ ಎಂದಿದ್ದೀರಲ್ಲ, ಯಾರ ಮೌನ, ಯಾವ ನೀತಿ, ಸ್ವಲ್ಪ ಬಿಡಿಸಿ ಹೇಳಿ ಎಂದು ಕೇಳಿದ್ದರಂತೆ. ಪ್ರಶ್ನೆ ಸರಳವಾದದ್ದು, ಕೇಳಿದವರಲ್ಲಿ ಕುಹಕವಿರಲಿಲ್ಲ. ಬಾವಿಯ ಆಳ, ಪರೀಕ್ಷೆಯ ವೆಚ್ಚ, ಕಾಯಿದೆಯ ಕಲಮುಗಳು ಎಲ್ಲವನ್ನೂ ನಿದ್ದೆಯಲ್ಲೂ ಹೇಳಬಲ್ಲ ಹುಡುಗಿ ಆ ಒಂದು ವಾಕ್ಯದ ಮುಂದೆ ತಡವರಿಸಿದಳು. ಮೊದಲ ಪ್ರಶ್ನೆಯಲ್ಲಿ ಮುಗ್ಗರಿಸಿದವಳು ಮುಂದಿನ ಇಪ್ಪತ್ತು ನಿಮಿಷ ಚೇತರಿಸಿಕೊಳ್ಳಲಿಲ್ಲ. ನನ್ನ ಮೇಲೆ ಅವಳು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಅದು ನಾನು ಬರೆದ ವಾಕ್ಯವಲ್ಲವಲ್ಲ, ಅದಕ್ಕೇ ಏನು ಹೇಳಬೇಕೆಂದು ತೋಚಲಿಲ್ಲ” ಎಂದಳು. ಆಯ್ಕೆಯಾಗದಿರಲು ಅದೊಂದೇ ಕಾರಣವೆಂದು ನಾನು ಹೇಳಲಾರೆ, ಸಮಿತಿಗಳ ಒಳಗುಟ್ಟು ಹೊರಗಿನವರಿಗೆ ತಿಳಿಯುವುದಿಲ್ಲ. ಆದರೆ ಅವಳಿಗೆ ಸಿಕ್ಕ ಅಷ್ಟು ಹೊತ್ತನ್ನು ನನ್ನ ವಾಕ್ಯ ತಿಂದುಹಾಕಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆಮೇಲೆ ನಾನು ಓದಿದ ನಿಯಮಗಳಲ್ಲಿ ರೋಡ್ಸ್‌ನ ಒಂದು ನಿಯಮ ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಅಭ್ಯರ್ಥಿಗಳು ತಮ್ಮ ಕುರಿತು ಬರೆಯುವ ಪ್ರಬಂಧದ ಜೊತೆಗೆ, ಇದು ಸಂಪೂರ್ಣವಾಗಿ ತಮ್ಮದೇ ಬರವಣಿಗೆಯೆಂದೂ, ಇದನ್ನಾಗಲಿ ಇದರ ಹಿಂದಿನ ಕರಡುಗಳನ್ನಾಗಲಿ ಬೇರೆಯವರು ತಿದ್ದಿಲ್ಲವೆಂದೂ, ಸುಧಾರಿಸಲು ಸಲಹೆ ಕೊಡುವ ಸಲುವಾಗಿ ಯಾರೂ ಓದಿಲ್ಲವೆಂದೂ ಸಹಿ ಹಾಕಿಕೊಡಬೇಕು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಅವಮಾನವೆಂದೇ ತಿಳಿಯುತ್ತಾರೆ. ಬರವಣಿಗೆ ಕಲಿಸುವುದೆಂದರೆ ಕರಡನ್ನು ಓದಿ ಮಾತನಾಡುವುದೇ ಅಲ್ಲವೇ, ಸಂಶೋಧಕರು ತಮ್ಮ ಲೇಖನಗಳನ್ನು ಗೆಳೆಯರಿಗೆ ತೋರಿಸದೆ ಪ್ರಕಟಿಸುತ್ತಾರೆಯೇ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಮನೆಯಲ್ಲಿ ಓದುಬರಹ ಬಲ್ಲವರಿರುವ, ಊಟದ ಮೇಜಿನಲ್ಲೇ ಇಂಥ ಮಾತುಗಳು ನಡೆಯುವ ಕುಟುಂಬದ ವಿದ್ಯಾರ್ಥಿಗೆ ಈ ನಿಯಮದಿಂದ ಹೆಚ್ಚೇನೂ ನಷ್ಟವಿಲ್ಲ. ಅಂಥ ಮಾತು ಸಿಗುವ ಒಂದೇ ಜಾಗ ನನ್ನ ಕಚೇರಿಯಾಗಿರುವ ವಿದ್ಯಾರ್ಥಿಗೆ ಅದು ಮುಚ್ಚಿದ ಬಾಗಿಲು. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ನಿಯಮದ ಪರ. ಪ್ರಬಂಧಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಬರತೊಡಗಿದಾಗ ಸಮಿತಿಗಳು ಏನು ಮಾಡಬೇಕಿತ್ತು? ಆ ಅಚ್ಚನ್ನು ಕಡೆದವರಲ್ಲಿ ನಾನೂ ಒಬ್ಬ.

ಉಳಿದ ಸ್ಪರ್ಧೆಗಳಲ್ಲಿ ಕರಡನ್ನು ಓದಲು ಅವಕಾಶವಿದೆ. ಫುಲ್‌ಬ್ರೈಟ್‌ನಲ್ಲಂತೂ ಕ್ಯಾಂಪಸ್ಸಿನ ಸಮಿತಿಯೊಂದು ಅಭ್ಯರ್ಥಿಯನ್ನು ಕೂರಿಸಿಕೊಂಡು ಮಾತನಾಡಿ ಅಭಿಪ್ರಾಯ ಬರೆದು ಕಳುಹಿಸಬೇಕೆಂಬುದೇ ಕ್ರಮ. ಆದರೆ ಅಲ್ಲಿಯೂ ನಾನು ಪೆನ್ನು ಹಿಡಿಯುವುದನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿ ಕರಡನ್ನು ತಂದಾಗ ಅದನ್ನು ಮೇಜಿನ ಮೇಲೆ ಮಗುಚಿ ಇಡಲು ಹೇಳಿ ಕೇಳುತ್ತೇನೆ. ಕೇಳುವುದು ಸುಲಭವೆಂದು ತೋರಬಹುದು. ಒಳ್ಳೆಯ ವಾಕ್ಯವೊಂದು ನನ್ನ ತಲೆಯಲ್ಲಿ ಸಿದ್ಧವಾಗಿ ಕುಳಿತಿರುವಾಗ ಅದನ್ನು ನುಂಗಿಕೊಂಡು ಪ್ರಶ್ನೆಯನ್ನಷ್ಟೇ ಹೊರಗೆ ಬಿಡಲು ನನಗೆ ವರ್ಷಗಳೇ ಹಿಡಿದವು, ಈಗಲೂ ಒಮ್ಮೊಮ್ಮೆ ತಪ್ಪುತ್ತೇನೆ.

ಕೀಟಶಾಸ್ತ್ರದ ಒಬ್ಬ ಹುಡುಗ ಗೋಲ್ಡ್‌ವಾಟರ್ ಅರ್ಜಿಗಾಗಿ ಬಂದಿದ್ದ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಓದಿ ಸಂಶೋಧನೆಗೆ ಹೋಗಬಯಸುವ ಎರಡನೆಯ, ಮೂರನೆಯ ವರ್ಷದವರಿಗಾಗಿ ಕಾಂಗ್ರೆಸ್ಸು 1986ರಲ್ಲಿ ಸ್ಥಾಪಿಸಿದ ವಿದ್ಯಾರ್ಥಿವೇತನ ಅದು. ಅವನ ಕರಡಿನ ತುಂಬ ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ, ಅದಮ್ಯ ಕುತೂಹಲ ಎಂಬ ಮಾತುಗಳೇ. ಇತ್ತೀಚೆಗೆ ಪ್ರಯೋಗಾಲಯದಲ್ಲಿ ಕೆಟ್ಟುಹೋದದ್ದು ಏನು ಎಂದು ಕೇಳಿದೆ. ಒಂದು ವಾರಾಂತ್ಯ ಫ್ರೀಜರ್ ನಿಂತುಹೋಗಿ ಮೂರು ತಿಂಗಳು ಕೂಡಿಟ್ಟ ಜೀರುಂಡೆಗಳ ಮಾದರಿಗಳು ಹಾಳಾದ ಕಥೆಯನ್ನು ಹೇಳತೊಡಗಿದ. ಎಲ್ಲವನ್ನೂ ಮೊದಲಿನಿಂದ ಹಿಡಿಯಬೇಕಾಗಿ ಬಂದು, ಬೇರೆ ತರಗತಿಗಳ ಕಾರಣ ಈ ಸಲ ಬೆಳಿಗ್ಗೆಯ ಬದಲು ಸಂಜೆ ಹೋಗಬೇಕಾಗಿ ಬಂದು, ಅದೇ ಜಾಗದಲ್ಲಿ ಬೇರೆಯೇ ಪ್ರಮಾಣದ ಜೀರುಂಡೆಗಳು ಸಿಕ್ಕು, ಹಾಗಾದರೆ ನಾವು ಇಷ್ಟು ದಿನ ಎಣಿಸಿದ್ದಾದರೂ ಏನನ್ನು ಎಂಬ ಸಂಶಯ ಹುಟ್ಟಿದ್ದನ್ನು ಹೇಳುವಾಗ ಅವನು ಕುರ್ಚಿಯ ಅಂಚಿಗೆ ಬಂದಿದ್ದ. “ಇದು ಕರಡಿನಲ್ಲಿ ಎಲ್ಲಿದೆ?” ಎಂದೆ. “ಅದು ಎಡವಟ್ಟು ಅಲ್ಲವೇ? ಅರ್ಜಿಯಲ್ಲಿ ಹೇಗೆ ಬರೆಯಲಿ?” ಎಂದ. ಸಂಶೋಧನೆಯ ಮೊದಲ ನಿಜವಾದ ಪ್ರಶ್ನೆ ತನಗೆ ಸಿಕ್ಕದ್ದು ಆ ಸಂಜೆಯೇ ಎಂಬುದನ್ನು ಅವನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅದು ನನ್ನ ವಾಕ್ಯವಾಗಿಬಿಡುತ್ತಿತ್ತು. ಮತ್ತೆರಡು ಪ್ರಶ್ನೆ ಕೇಳಿ ಕಳುಹಿಸಿಕೊಟ್ಟೆ.

ಯಾರು ನನ್ನ ಬಾಗಿಲಿಗೆ ಬರುತ್ತಾರೆ ಎಂಬುದು ಇನ್ನೊಂದು ಸಂಗತಿ. ಬರುವವರಲ್ಲಿ ಬಹುಪಾಲು ಜನ ಬರಬೇಕೆಂದು ಮೊದಲೇ ತಿಳಿದವರು. ಅಣ್ಣನೋ ಅಕ್ಕನೋ ಹಿಂದೆ ಅರ್ಜಿ ಹಾಕಿದ್ದಿರಬೇಕು, ತಂದೆಯೋ ತಾಯಿಯೋ ಪ್ರಾಧ್ಯಾಪಕರಿರಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇಂಥದ್ದೊಂದು ಕಚೇರಿಯಿದೆಯೆಂಬುದೇ ಗೊತ್ತಿರುವುದಿಲ್ಲ, ಗೊತ್ತಾದರೂ ಅದು ತಮ್ಮಂಥವರಿಗಲ್ಲವೆಂದು ಅವರೇ ತೀರ್ಮಾನಿಸಿಕೊಂಡಿರುತ್ತಾರೆ. ಅಂಥವರನ್ನು ಹುಡುಕಲು ನಾನು ಮೊದಲನೆಯ, ಎರಡನೆಯ ವರ್ಷದ ತರಗತಿಗಳಿಗೆ ಹೋಗುತ್ತೇನೆ, ಪ್ರಯೋಗಾಲಯಗಳ ಮೇಲ್ವಿಚಾರಕರನ್ನು ಕಾಣುತ್ತೇನೆ. ಹೀಗೆ ಸಿಕ್ಕ ಒಬ್ಬ ಹುಡುಗಿ ತನ್ನ ಚಟುವಟಿಕೆಗಳ ಪಟ್ಟಿಯಲ್ಲಿ ಎರಡೇ ಸಾಲು ಬರೆದುಕೊಂಡು ಬಂದಿದ್ದಳು. ಸಂಜೆಯ ಹೊತ್ತು ಏನು ಮಾಡುತ್ತೀ ಎಂದರೆ, ವಾರದಲ್ಲಿ ನಾಲ್ಕು ರಾತ್ರಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಪಾಳಿ ಮಾಡುವುದಾಗಿಯೂ, ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುವುದು ತಾನೇ ಎಂದೂ ಹೇಳಿದಳು. ಅದನ್ನೇಕೆ ಬರೆಯಲಿಲ್ಲ ಎಂದರೆ, ಅದು ಕೆಲಸ, ಇಲ್ಲಿ ಕೇಳಿರುವುದು ನಾಯಕತ್ವ ಎಂದಳು. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಕಲಿತು ಬೆಳೆದವರ ಸಂಕೋಚ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ನಾನೂ ಹಾಗೆಯೇ ಬೆಳೆದದ್ದು. ನಡೆದದ್ದನ್ನು ನಡೆದಂತೆ ಹೇಳುವುದು ಹೊಗಳಿಕೆಯಲ್ಲ ಎಂಬುದನ್ನು ಅವರಿಗೆ ಮನಗಾಣಿಸುವುದರಲ್ಲೇ ಎಷ್ಟೋ ಸಲ ಒಂದು ಇಡೀ ಸೆಮಿಸ್ಟರ್ ಕಳೆಯುತ್ತದೆ.

ಶಿಫಾರಸು ಪತ್ರಗಳ ಕಷ್ಟವೂ ಇದರ ಮುಂದುವರಿಕೆಯೇ. ರೋಡ್ಸ್‌ಗೆ ಕನಿಷ್ಠ ಐದು ಪತ್ರಗಳು ಬೇಕು, ಎಂಟರವರೆಗೆ ಕೊಡಬಹುದು. ಟ್ರೂಮನ್‌ಗೆ ಮೂರು, ಆದರೆ ಒಂದೊಂದೂ ಬೇರೆಬೇರೆ ಮುಖವನ್ನು ಕುರಿತಿರಬೇಕು: ನಾಯಕತ್ವ, ಸಾರ್ವಜನಿಕ ಸೇವೆ, ಓದು. ಮುನ್ನೂರು ಜನ ಕೂರುವ ಸಭಾಂಗಣದಲ್ಲಿ ಪಾಠ ಕೇಳುವ ವಿದ್ಯಾರ್ಥಿಯನ್ನು ನಿಜವಾಗಿ ಬಲ್ಲ ಐದು ಪ್ರೊಫೆಸರುಗಳು ಎಲ್ಲಿಂದ ಬರಬೇಕು? ಚಿಕ್ಕ ಖಾಸಗಿ ಕಾಲೇಜುಗಳಲ್ಲಿ, ಹನ್ನೆರಡು ಜನರ ತರಗತಿಗಳಲ್ಲಿ, ಈ ಪ್ರಶ್ನೆ ಏಳುವುದೇ ಇಲ್ಲ. ಎ ಶ್ರೇಣಿ ಪಡೆದಿದ್ದಾನೆ, ತರಗತಿಗೆ ತಪ್ಪದೆ ಬರುತ್ತಾನೆ ಎಂಬಷ್ಟೇ ಇರುವ ಪತ್ರ ಅಭ್ಯರ್ಥಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಪತ್ರವನ್ನು ನೋಡುವ ಕಾನೂನುಬದ್ಧ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ವಿದ್ಯಾರ್ಥಿ ಸಾಮಾನ್ಯವಾಗಿ ಸಹಿ ಹಾಕಿರುತ್ತಾನಾದ್ದರಿಂದ ತನ್ನ ಬಗ್ಗೆ ಏನು ಬರೆಯಲಾಗಿದೆ ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಬಹಳ ಸರಳ: ಪ್ರೊಫೆಸರರನ್ನು ಕೇಳುವಾಗ ಪತ್ರ ಬರೆದುಕೊಡುತ್ತೀರಾ ಎಂದು ಕೇಳಬೇಡ, ನನ್ನ ಬಗ್ಗೆ ವಿವರವಾಗಿ ಬರೆಯುವಷ್ಟು ನನ್ನನ್ನು ಬಲ್ಲಿರಾ ಎಂದು ಕೇಳು, ಅವರು ಒಂದು ಕ್ಷಣ ತಡೆದರೆ ಧನ್ಯವಾದ ಹೇಳಿ ಎದ್ದು ಬಾ.

ನನ್ನ ಕೆಲಸದಲ್ಲಿ ನನಗೆ ಇಂದಿಗೂ ಒಗ್ಗದ ಭಾಗವೊಂದಿದೆ. ಗೋಲ್ಡ್‌ವಾಟರ್ ಆಗಲಿ ಟ್ರೂಮನ್ ಆಗಲಿ ನೇರವಾಗಿ ಹಾಕುವ ಅರ್ಜಿಗಳಲ್ಲ, ವಿಶ್ವವಿದ್ಯಾಲಯವೇ ನಾಮನಿರ್ದೇಶನ ಮಾಡಬೇಕು, ಅದೂ ಸಾಮಾನ್ಯವಾಗಿ ನಾಲ್ವರನ್ನು ಮಾತ್ರ. ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರಿಗಷ್ಟೇ ಇದರಲ್ಲಿ ಸ್ವಲ್ಪ ರಿಯಾಯಿತಿ. ಹತ್ತು ಮಂದಿ ಅರ್ಹರಿದ್ದಾಗ ಆರು ಮಂದಿಯ ಅರ್ಜಿ ನಮ್ಮ ಕಟ್ಟಡವನ್ನೇ ದಾಟುವುದಿಲ್ಲ. ಅಧ್ಯಾಪಕರ ಸಮಿತಿಯೊಂದು ಆರಿಸುತ್ತದೆ ನಿಜ, ಆದರೆ ಆ ಸಮಿತಿಯನ್ನು ಕರೆಯುವವರೂ ಮರುದಿನ ಆ ಆರು ಮಂದಿಗೆ ಸುದ್ದಿ ಮುಟ್ಟಿಸುವವರೂ ನಾವೇ. ಆಗಸ್ಟಿನಿಂದ ಕೂರಿಸಿಕೊಂಡು ನಿನ್ನಿಂದ ಆಗುತ್ತದೆ ಎಂದು ಹುರಿದುಂಬಿಸಿದ ಬಾಯಿಂದಲೇ ಡಿಸೆಂಬರಿನಲ್ಲಿ ಈ ಸಲ ಇಲ್ಲ ಎನ್ನಬೇಕು. 2000ದಲ್ಲಿ ಹುಟ್ಟಿದ ನಮ್ಮ ವೃತ್ತಿಯವರ ರಾಷ್ಟ್ರೀಯ ಸಂಘಕ್ಕೆ ನೀತಿಸಂಹಿತೆಯಿದೆ, ಸಮ್ಮೇಳನಗಳಲ್ಲಿ ಈ ವಿಷಯದ ಮೇಲೆ ಗೋಷ್ಠಿಗಳೂ ನಡೆಯುತ್ತವೆ. ಯಾವ ಗೋಷ್ಠಿಯಿಂದಲೂ ಆ ಡಿಸೆಂಬರಿನ ಮಾತು ಹಗುರವಾದದ್ದನ್ನು ನಾನು ಕಾಣೆ. ಇಮೇಲ್‌ನಲ್ಲಿ ಮಾತ್ರ ಹೇಳಕೂಡದು, ಕೂರಿಸಿಕೊಂಡೇ ಹೇಳಬೇಕೆಂಬುದೊಂದು ನನ್ನ ನಿಯಮ.

ಹೊರಗಿನ ನಿರಾಕರಣೆಗಳು ಬೇರೆ ಜಾತಿಯವು. ರೋಡ್ಸ್‌ನ ಅಂತಿಮ ಸಂದರ್ಶನಗಳು ನವೆಂಬರಿನಲ್ಲಿ ಎಲ್ಲ 16 ಜಿಲ್ಲೆಗಳಲ್ಲಿ ಒಂದೇ ವಾರಾಂತ್ಯದಲ್ಲಿ ನಡೆಯುತ್ತವೆ, ಫಲಿತಾಂಶವನ್ನು ಆ ದಿನವೇ, ಅಭ್ಯರ್ಥಿಗಳೆಲ್ಲರೂ ಒಟ್ಟಿಗಿರುವಾಗಲೇ ಪ್ರಕಟಿಸುವುದು ಪದ್ಧತಿ. ಎರಡು ಹೆಸರುಗಳನ್ನು ಕೂಗಿದ ಮೇಲೆ ಉಳಿದವರು ಅವರಿಬ್ಬರಿಗೆ ಕೈಕುಲುಕಿ ವಿಮಾನ ಹತ್ತಬೇಕು. ಇಪ್ಪತ್ತೊಂದರ ವಯಸ್ಸಿನವರಿಗೆ ಇದು ಕ್ರೂರವೆಂದು ನನಗನ್ನಿಸಿದೆ, ಹೋಗಿಬಂದವರಲ್ಲಿ ಕೆಲವರು ವಾರಗಟ್ಟಲೆ ಕಾಯುವುದಕ್ಕಿಂತ ಇದೇ ವಾಸಿ ಎಂದಿದ್ದೂ ಇದೆ. ಫುಲ್‌ಬ್ರೈಟ್‌ನಲ್ಲಿ ಉತ್ತರ ಬರುವುದು ತಿಂಗಳುಗಟ್ಟಲೆ, ದೇಶದೇಶದಿಂದ ಬೇರೆಬೇರೆ ದಿನ. ಕೆಲವೊಮ್ಮೆ ಅರ್ಜಿಯ ಗುಣಕ್ಕೂ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. 2020ರ ಜುಲೈನಲ್ಲಿ ಅಧ್ಯಕ್ಷರ ಆದೇಶವೊಂದು ಚೀನಾ ಮತ್ತು ಹಾಂಗ್‌ಕಾಂಗ್‌ಗಳ ಫುಲ್‌ಬ್ರೈಟ್ ವಿನಿಮಯವನ್ನು ನಿಲ್ಲಿಸಿತು; ನಾಲ್ಕು ವರ್ಷ ಚೀನೀ ಭಾಷೆ ಕಲಿತು ಪ್ರಸ್ತಾವ ಸಿದ್ಧಪಡಿಸಿದ್ದ ವಿದ್ಯಾರ್ಥಿಗೆ ಹೇಳಲು ನನ್ನ ಬಳಿ ಯಾವ ಸಲಹೆಯೂ ಇರಲಿಲ್ಲ. 2025ರ ಜೂನ್‌ನಲ್ಲಿ ಆ ಕಾರ್ಯಕ್ರಮದ ಮೇಲ್ವಿಚಾರಣಾ ಮಂಡಳಿಯ ಬಹುತೇಕ ಸದಸ್ಯರು, ಆಯ್ಕೆಯಲ್ಲಿ ಸರ್ಕಾರ ಹಸ್ತಕ್ಷೇಪ ಮಾಡುತ್ತಿದೆಯೆಂದು ಆರೋಪಿಸಿ ರಾಜೀನಾಮೆ ಕೊಟ್ಟರು. ನಿನ್ನ ಅರ್ಜಿಯಲ್ಲಿ ತಪ್ಪೇನೂ ಇರಲಿಲ್ಲ ಎಂದು ಹೇಳುವುದು ಹಿಂದೆ ಸಮಾಧಾನದ ಮಾತಾಗಿತ್ತು, ಈಗ ಅದು ಅಕ್ಷರಶಃ ನಿಜವಿರಬಹುದು, ಸಮಾಧಾನ ಮಾತ್ರ ಇಲ್ಲ.

ಕೆಲವರು ಬಂದು ಕೇಳುವುದು ಅರ್ಜಿಯ ಬಗ್ಗೆಯಲ್ಲ, ಹಣದ ಬಗ್ಗೆ. ದಕ್ಷಿಣ ಆಫ್ರಿಕಾದ ಗಣಿಗಳಿಂದ ಬಂದ ಸೆಸಿಲ್ ರೋಡ್ಸ್‌ನ ಸಂಪತ್ತನ್ನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ, 2015ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದಿಂದ ಅವನ ಪ್ರತಿಮೆಯನ್ನು ತೆಗೆದಂದಿನಿಂದ ಹೆಚ್ಚಾಗಿದೆ. 1907ರಲ್ಲಿ ಆಯ್ಕೆಯಾದ ಆಲೇನ್ ಲಾಕ್ ಮೊದಲ ಆಫ್ರಿಕನ್ ಅಮೆರಿಕನ್ ರೋಡ್ಸ್ ವಿದ್ಯಾರ್ಥಿ. ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ, ಕೊನೆಗೆ ಹರ್ಟ್‌ಫರ್ಡ್ ಕಾಲೇಜು ಒಪ್ಪಿತು. ಅವರ ನಂತರ ಇನ್ನೊಬ್ಬ ಆಫ್ರಿಕನ್ ಅಮೆರಿಕನ್ ಆಯ್ಕೆಯಾಗಲು 1960ರ ದಶಕ ಬರಬೇಕಾಯಿತು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಅದಕ್ಕಿಂತಲೂ ತಡವಾಗಿ, ಮೊದಲ ತಂಡ ಆಕ್ಸ್‌ಫರ್ಡಿಗೆ ಹೋದದ್ದು 1977ರಲ್ಲಿ. ಈ ಇತಿಹಾಸವನ್ನು ಮುಂದಿಟ್ಟು ನಾನು ಸುಮ್ಮನಾಗುತ್ತೇನೆ. ತೀರ್ಮಾನವನ್ನು ನಾನು ಹೇಳಿಕೊಟ್ಟರೆ ಸಂದರ್ಶನದಲ್ಲಿ ಅದನ್ನು ಕೇಳಿದಾಗ ಅವರು ಮತ್ತೆ ನನ್ನ ವಾಕ್ಯವನ್ನೇ ಹುಡುಕಬೇಕಾಗುತ್ತದೆ.

ಈಚೆಗೆ ಬರುವ ಕರಡುಗಳಲ್ಲಿ ಹಲವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬರೆದಿರುತ್ತವೆ ಅಥವಾ ನಯಗೊಳಿಸಿರುತ್ತವೆ. ವಿದ್ಯಾರ್ಥಿಗಳು ಅದನ್ನು ಮುಚ್ಚಿಡುವುದೂ ಇಲ್ಲ. ಅವುಗಳನ್ನು ಓದುವಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ಗುರುತು ಹತ್ತಿದಂಥ ಒಂದು ಕಸಿವಿಸಿಯಾಗುತ್ತದೆ: ತೂಗಿ ಬರೆದಂಥ ಮೊದಲ ಸಾಲು, ವಿಷಯವನ್ನು ಮುಟ್ಟುವ ಮೊದಲೇ ಅದರ ಅರ್ಥವನ್ನು ಸಾರುವ ಆತುರ, ಯಾರ ಬಾಯಲ್ಲಿಟ್ಟರೂ ಒಪ್ಪುವ ಗಾಂಭೀರ್ಯ. ಆ ರಾತ್ರಿ ಹತ್ತು ಗಂಟೆಯ ಮೇಲೆ ನಾನು ಬರೆದ ವಾಕ್ಯ ಹೀಗೆಯೇ ಇತ್ತು. ಯಂತ್ರವನ್ನು ಬೈಯುವ ಯೋಗ್ಯತೆ ನನಗೆ ಕಡಿಮೆ. ಕರಡನ್ನು ಮಗುಚಿಡು, ಹೇಳು ಎಂಬ ನನ್ನ ಹಳೆಯ ಕ್ರಮ ಇಲ್ಲಿಯೂ ನಡೆಯುತ್ತದೆ. ಬರೆದದ್ದು ತಮ್ಮದಲ್ಲದಿದ್ದರೆ ಮೂರನೆಯ ಪ್ರಶ್ನೆಯ ಹೊತ್ತಿಗೆ ಅವರಿಗೇ ತಿಳಿದುಬಿಡುತ್ತದೆ, ನಾನು ಆರೋಪಿಸಬೇಕಾಗುವುದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಒಬ್ಬ ರೋಡ್ಸ್ ಅಭ್ಯರ್ಥಿ ಬಂದಿದ್ದ. ಗಣಿತ ಓದುವವನು, ಮಾತು ಕಡಿಮೆ. ಕುಳಿತವನೇ ಚೀಲದಿಂದ ಎರಡು ಹಾಳೆ ತೆಗೆದು ನನ್ನತ್ತ ಚಾಚಿದ. ನಿಯಮ ಅವನಿಗೆ ಗೊತ್ತಿತ್ತು, ಬೇಸಿಗೆಯಲ್ಲೇ ಓದಿ ಹೇಳಿದ್ದೆ. ಆದರೆ ಹನ್ನೊಂದು ವಾರ ಒಬ್ಬನೇ ಬರೆದದ್ದನ್ನು ಯಾರಿಗಾದರೂ ತೋರಿಸಬೇಕೆನ್ನಿಸುವುದು ಸಹಜವೇ. ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಮೇಲಿನ ಹಾಳೆಯ ಮೊದಲ ಸಾಲಿನಲ್ಲಿ ಅವನ ಅಜ್ಜನ ಹೆಸರು ಕಣ್ಣಿಗೆ ಬಿತ್ತು. ಕೈ ಹಿಂದೆಗೆದುಕೊಂಡು, “ಅದು ನಿನ್ನ ಬಳಿಯೇ ಇರಲಿ” ಎಂದೆ. ಅವನು ಹಾಳೆಗಳನ್ನು ಎರಡಾಗಿ ಮಡಚಿ ಚೀಲದೊಳಕ್ಕೆ ಇಟ್ಟುಕೊಂಡ. “ಐದು ಪತ್ರಗಳು ಖಚಿತವಾಗಿವೆ, ಆರನೆಯವರು ಇನ್ನೂ ಉತ್ತರಿಸಿಲ್ಲ, ಮತ್ತೆ ನೆನಪಿಸಲೇ?” ಎಂದು ಕೇಳಿದ. ಅವರು ಯಾರು, ಅವನನ್ನು ಎಷ್ಟು ಬಲ್ಲವರು ಎಂದು ಕೇಳಿದೆ. ಅವನು ಹೇಳತೊಡಗಿದ.